ದೇವರ ಗೂಡಿನ ಸ್ಕ್ಯಾನ್

ದೊಡ್ಡಪ್ಪನ ಪಟ ಈಗಲೂ ನಮ್ಮ ಗುಂಡ್ಲುಪೇಟೆ ಮನೆಯ ನಡುಮನೆಯಲ್ಲಿ ತೂಗುತ್ತಿದೆ. ಅದಕ್ಕೆ ಹೂವು ಮುಡಿಸುವವರನ್ನು ಕಂಡರೆ ನನಗೆ ಹೇಸಿಗೆ. ಚಾಮರಾಜನಗರದಲ್ಲಿದ್ದ, ಅಪ್ಪನ ಅಣ್ಣ. ಅವನು ಹೂಂ ಅನ್ನದೆ ನಮ್ಮ ಮನೆಯಲ್ಲಿ ಒಂದು ಎಮ್ಮೆಯನ್ನೂ ಮಾರುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನನ್ನ ತಂಗಿಗೆ ಚಿಕ್ಕಂದಿನಿಂದ ಎಡಗಿವಿ ಸೋರುತ್ತಿತ್ತು. ಎಣ್ಣೆ ಕಾಯಿಸಿ ಬಿಡುವುದೇ ನಮ್ಮವರ ವೈದ್ಯ. ಹದಿನೇಳಕ್ಕೆ ಬಂದಾಗ ಜ್ವರ, ತಲೆ ಸಿಡಿಯುವ ನೋವು, ವಾಂತಿ. ಮೈಸೂರಿಗೆ ಕರೆದೊಯ್ದು ತಲೆಯ ಸ್ಕ್ಯಾನ್ ಮಾಡಿಸಿದೆವು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, ಎಡಗಡೆ ಬಳೆಯಂತೆ ಕಾಣುತ್ತಿದ್ದ ಬಿಳಿ ಸುತ್ತನ್ನು ತೋರಿಸಿದರು.

"ಕಿವಿಯ ಸೋಂಕು ಮೆದುಳಿಗೆ ಹತ್ತಿದೆ. ಇದರೊಳಗೆ ಕೀವು ತುಂಬಿದೆ. ಇವತ್ತೇ ಸೇರಿಸಿ, ತೆಗೆಯಬೇಕು."

ಅಪ್ಪ ನನ್ನನ್ನು ಹೊರಗೆ ಕರೆದ. "ಅಣ್ಣನ್ನ ಒಂದ್ಮಾತು ಕೇಳ್ದೆ ತಲೆ ಕೊರ್ಸಕಾದದಾ? ನಡಿ, ಓಗನ."

ತಂಗಿಯನ್ನು ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಮಲಗಿಸಿಕೊಂಡು ಚಾಮರಾಜನಗರಕ್ಕೆ ಹೋದೆವು.

ದೊಡ್ಡಪ್ಪ ಜಗುಲಿಯಲ್ಲಿ ನಿಂತು ಫಿಲ್ಮನ್ನು ಬಿಸಿಲಿಗೆ ಹಿಡಿದ, ಅದೂ ತಲೆಕೆಳಗಾಗಿ. ಊರಿನ ಪಂಚಾಯಿತಿ ಮಾಡಿ ಮಾಡಿ ಮೆದುಳನ್ನೂ ಓದಬಲ್ಲೆ ಎಂಬ ಗತ್ತು. ಆ ಸುತ್ತು ಕಂಡದ್ದೇ ಮುಖ ಅರಳಿತು.

"ಕಣ್ಣು ಕಣ್ಲಾ! ಸಿವನ ಕಣ್ಣು! ಇದ್ನ ಕೀವು ಅಂದ್ನಾ ಆ ಡಾಕ್ಟ್ರು?"

ಅಪ್ಪ ಕೈಮುಗಿದ. ಬುದ್ಧಿ ಹಂಚಿದ ದಿನ ನಮ್ಮ ವಂಶವೆಲ್ಲ ಸಂತೆಮರಹಳ್ಳಿ ಸಂತೆಗೆ ಹೋಗಿತ್ತೇನೋ. ಫಿಲ್ಮಿಗೆ ಮೂರು ಬೆರಳಲ್ಲಿ ವಿಭೂತಿ ಬಳಿದು ದೇವರ ಗೂಡಿನಲ್ಲಿಟ್ಟರು.

"ಸೋಮ್ವಾರದ ಪೂಜೆ ಆಗ್ಲಿ, ಆಮೇಲೆ ನೋಡನ ಬುಡು," ಎಂದ ದೊಡ್ಡಪ್ಪ. ಅಂದು ಬುಧವಾರ.

ನಾನು ಬಿ.ಎ. ಮುಗಿಸಿದ್ದೆ. ರಿಪೋರ್ಟು ನನ್ನ ಜೇಬಿನಲ್ಲೇ ಇತ್ತು, ಅದರ ಅರ್ಥವೂ ಗೊತ್ತಿತ್ತು. ದೊಡ್ಡಪ್ಪನ ಎದುರು ಬಾಯಿ ತೆರೆಯುವುದು ನಮ್ಮಲ್ಲಿ ಇರಲಿಲ್ಲ, ನಾನೂ ತೆರೆಯಲಿಲ್ಲ. ಆ ಡಿಗ್ರಿಯನ್ನು ಒಲೆಗೆ ಹಾಕಿದ್ದರೆ ಒಂದು ಲೋಟ ಕಾಫಿಯಾದರೂ ಕಾಯುತ್ತಿತ್ತು.

ಭಾನುವಾರ ತಂಗಿ ಚೊಂಬಿನ ಕಡೆ ಕೈ ತೋರಿಸಿ "ಬಾಗ್ಲು, ಬಾಗ್ಲು" ಎಂದಳು. ಬೇಕಾಗಿದ್ದದ್ದು ನೀರು. ಹರವೆಯಿಂದ ಬಂದಿದ್ದ ನೆಂಟರು ನಕ್ಕರು. ದೊಡ್ಡಮ್ಮ ಎದ್ದು ಬಾಗಿಲು ತೆರೆದಳು.

ಸೋಮವಾರ ಪೂಜೆ ಮುಗಿಯುವ ಹೊತ್ತಿಗೆ ಅವಳಿಗೆ ಫಿಟ್ಸ್ ಬಂದಿತ್ತು. ಮೈಸೂರಿಗೆ ಓಡಿದೆವು. ಅದೇ ಡಾಕ್ಟರು ಹತ್ತಿಯಿಂದ ವಿಭೂತಿ ಒರೆಸಿ ಫಿಲ್ಮ್ ನೋಡಿದರು.

"ಬುಧವಾರ ನಾನು ಹೇಳಿದ್ದು ನಿಮ್ಮಲ್ಲಿ ಯಾರಿಗೂ ಅರ್ಥವಾಗಲಿಲ್ಲವೇ?" ಎಂದು ನನ್ನನ್ನೇ ಕೇಳಿದರು.

"ಇಲ್ಲ ಸಾರ್" ಎಂದೆ.

ಕೀವು ತೆಗೆದರು. ತಂಗಿ ಬದುಕಿದಳು. "ಆ ಕಣ್ಣೇ ಕಾದದ್ದು ಕಣ್ಲಾ" ಎಂದು ದೊಡ್ಡಪ್ಪ ಸಾಯುವವರೆಗೂ ಮೀಸೆ ತಿರುವಿದ. ತಂಗಿ ಅಡುಗೆ ಮಾಡುತ್ತಾಳೆ, ಬಟ್ಟೆ ಒಗೆಯುತ್ತಾಳೆ. ಹೆಸರುಗಳು ಮಾತ್ರ ಬಹಳಷ್ಟು ಹಿಂದಿರುಗಲಿಲ್ಲ. ಪಟದ ಮುಂದೆ ನಿಂತು "ದೊಡ್ಡಪ್ಪ" ಎಂದು ಸರಿಯಾಗಿಯೇ ಹೇಳುತ್ತಾಳೆ. ನನ್ನನ್ನು ಕರೆಯಬೇಕಾದಾಗ ತಡವರಿಸಿ, ಕೊನೆಗೆ ತೋಳು ಹಿಡಿದು ಎಳೆಯುತ್ತಾಳೆ. "ಅಣ್ಣ" ಎಂಬುದು ಅವಳಿಗೆ ಸಿಗುವುದಿಲ್ಲ. ಹೇಳಿಕೊಡಲು ನನಗೆ ಮುಖವಿಲ್ಲ.