ಶರಣಿನ ಹಿಂದ ಪಾಳಿ ಹಚ್ಚಿದ ಮೆಸೇಜು

ದೋಸ್ತರ, ಇವತ್ತ ನನ್ನ ಶಾಣ್ಯಾತನ ಬಯಲಾತು.

ಡ್ಯಾಮಿನಿಂದ ಹೊಳಿಗೆ ನೀರು ಬಿಟ್ಟಾರಂತ ಮುಂಜಾನೆ ಸುದ್ದಿ ಬಂತು. ಹೊಳೆಮಣ್ಣೂರಿನ ದನ ಸಾಗಿಸಾಕ ಗೆಳ್ಯಾರ ಎರಡು ಟ್ರ್ಯಾಕ್ಟರ್ ತಯಾರಿದ್ದುವು. ಎಲ್ಲಾರೂ ಫೋನ್ ಹಚ್ಚಿದ್ರ ಲೈನ್ ಸಿಗಂಗಿಲ್ಲಂತ, ಹೊಳೆಆಲೂರಿನ ನನ್ನ ಅಂಗಡ್ಯಾಗ ಒಂದ ಸಿಮ್ಮಿನ ಮೋಡೆಮ್ ಕಂಪ್ಯೂಟರಿಗೆ ಜೋಡಿಸಿ, "ಹೆಸರು, ಓಣಿ ಬರದು ಮೆಸೇಜ್ ಹಾಕ್ರಿ" ಅಂತ ಹೇಳಿದ್ದೆ. ಮೆಸೇಜ್ ಮುಟ್ಟಿದ ಕೂಡ್ಲೇ "ಟ್ರ್ಯಾಕ್ಟರ್ ಬರತೈತಿ" ಅಂತ ಕಂಪ್ಯೂಟರ್ ತಾನ ಉತ್ತರ ಕೊಡ್ತಿತ್ತು.

ಮೋಡೆಮ್ಮಿಗೆ ಒಂದೊಂದ ಮೆಸೇಜ್ ತಗೊಳ್ಳಾಕ ಐದಾರು ಸೆಕೆಂಡ್ ಬೇಕು. ಉಳಿದವು ಹಿಂದ ಪಾಳಿ ಹಚ್ಚತಾವು. ಅದು ನನಗ ಗೊತ್ತಿತ್ತು. ನಮ್ಮ ಮಂದಿ ಮರ್ಯಾದಿ ಮಾತ್ರ ಲೆಕ್ಕಕ್ಕ ಹಿಡಿದಿರಲಿಲ್ಲ. ಉತ್ತರ ಸಿಕ್ಕವ್ರೆಲ್ಲ "ಆತ್ರಿ ಸರ", "ಶರಣ್ರಿ", "ಭಾಳ ಉಪಕಾರ ಆತ್ರಿ" ಅಂತ ಮತ್ತ ಬರದ್ರು. ಅದಕ್ಕೂ ಕಂಪ್ಯೂಟರ್ "ಟ್ರ್ಯಾಕ್ಟರ್ ಬರತೈತಿ" ಅಂತು. ಅವರು ಮತ್ತ "ಶರಣ್ರಿ" ಅಂದ್ರು.

ಮಧ್ಯಾಹ್ನ ಹೊಳೆಮಣ್ಣೂರಿನ ನೀಲವ್ವ ಅಂಬಾಕಿ ಮೊಣಕಾಲತನ ಕೆಸರಿನ್ಯಾಗ ಅಂಗಡಿಗೆ ಬಂದ್ಲು.

"ಮುಂಜಾನೇನ ಮೆಸೇಜ್ ಹಾಕಿದ್ನೆಲ್ಲೋ ತಮ್ಮಾ. ಕಾದು ಕಾದು ನೀರು ಮೇವಿನ ಗ್ವಾದಲಿ ಮಟ ಬಂತು. ಎಮ್ಮಿ ಕಣ್ಣಿ ಬಿಚ್ಚಿ ಬಿಟ್ಟ ಬಂದೆ. ಯಾವ ಕಡೆ ಹೋತೋ."

"ನಿಮ್ಮ ಮೆಸೇಜ್ ಇನ್ನೂ ಬಂದಿಲ್ಲ ಯವ್ವಾ, ಮಂದಿ ಶರಣಿನ ಹಿಂದ ಪಾಳ್ಯಾಗ ನಿಂತೈತಿ" ಅಂದೆ. ಹೇಳಾಕ ನನಗ ನಾಚಿಕಿ ಬಂತು. "ತಿರುಗಿ ಉತ್ತರ ಬರೀಬ್ಯಾಡ್ರಿ" ಅಂತ ಕಂಪ್ಯೂಟರಿನ ಉತ್ತರಕ್ಕ ಒಂದ ಸಾಲು ಸೇರಿಸಿದ್ರ ಸಾಕಿತ್ತು.

ಚಾ ತರಿಸಿದೆ. ಆಕಿ ಕುಡಿಯೂದ್ರಾಗ ಪರದೆ ಮ್ಯಾಲೆ ಬಂತು: "ನೀಲವ್ವ, ಅಗಸಿ ಓಣಿ, ಒಂದ ಎಮ್ಮಿ ಐತ್ರಿ, ಲಗೂ ಬರ್ರಿ."

ಮರುಕ್ಷಣಕ್ಕ ಆಕಿ ಕೈಯಾಗಿನ ಫೋನ್ ಟಿಣ್ ಅಂತು: "ಟ್ರ್ಯಾಕ್ಟರ್ ಬರತೈತಿ."

ಉತ್ತರ ಮಾತ್ರ ಒಂದ ಚೂರೂ ತಡ ಆಗಲಿಲ್ಲ ನೋಡ್ರಿ.