ಗಿಟಾರಿನ ಬೆನ್ನಿಗೆ ಪಾರವ್ವನ ಕೌದಿ

ಶನಿವಾರ, ಬೆಳಗಿನ ಜಾವ. ಪುಣೆಯ ದತ್ತವಾಡಿಯ ಗಣೇಶ ಮಂಡಳದ ಹಾಲ್‌ನಲ್ಲಿ ಎರಡು ಟ್ಯೂಬ್‌ಲೈಟ್ ಉರಿಯುತ್ತಿವೆ. ನೆಲದ ತುಂಬ ಕರಿಯ ಬಟ್ಟೆ ಹರವಿದೆ. ಹಾಲ್ ಸಾಲದೆ ಎರಡು ಅಂಚುಗಳನ್ನು ಸುತ್ತಿ ಗೋಡೆಗೆ ಒರಗಿಸಿದ್ದಾರೆ. ಬಟ್ಟೆಯ ನಟ್ಟನಡುವೆ ಪಾರವ್ವ ಕುಳಿತಿದ್ದಾರೆ. ಒಂದು ಮಂಡಿ ಮಡಚಿದೆ, ನೋಯುವ ಇನ್ನೊಂದು ಕಾಲು ಚಾಚಿದೆ, ಹಲ್ಲಿನಲ್ಲಿ ದಾರ. ಹೊರಗೆ ಪೋಹೆ ಗಾಡಿಯವನು ಸ್ಟೋವ್ ಹಚ್ಚುವ ಸದ್ದಾಗುತ್ತದೆ. ಪಾರವ್ವ ತಲೆ ಎತ್ತುವುದಿಲ್ಲ. ಅವರ ಮುಂದೆ ಊಟದ ತಾಟಿನಷ್ಟು ಅಗಲದ ತೂತಿದೆ.

ತೂತು ಇಲಿಗಳ ಕೆಲಸ. ಅದು ಮುಚ್ಚಬೇಕು, ಮುಚ್ಚಿದ್ದು ಕಾಣಬಾರದು, ಬಟ್ಟೆ ಮಧ್ಯಾಹ್ನ ನಾಲ್ಕರ ಒಳಗೆ ಖರಾಡಿಯ ಮೈದಾನ ಸೇರಬೇಕು. ಅಲ್ಲಿ ಸಂಜೆ ‘ಕಾತಳ’ ಎಂಬ ಮೆಟಲ್ ಬ್ಯಾಂಡಿನ ಕಾರ್ಯಕ್ರಮವಿದೆ. ಈ ಬಟ್ಟೆ ವೇದಿಕೆಯ ಹಿಂದೆ ಏರಿದರೆ ‘ಬಾರವ’ ಎಂಬ ಹಾಡು ಉಂಟು, ಇಲ್ಲದಿದ್ದರೆ ಇಲ್ಲ. ಪಾರವ್ವ ಆ ಹಾಡನ್ನು ಪೂರ್ತಿ ಕೇಳಿದವರಲ್ಲ. ಒಮ್ಮೆ ಮಗಳ ಫೋನಿನಲ್ಲಿ ಅರ್ಧ ಕೇಳಿ, ‘ಯಾರರ ಬಾಂವ್ಯಾಗ ಬಿದ್ದು ಒದರಿದಂಗ ಅದ’ ಎಂದು ತೆಗೆಸಿದ್ದರು. ಹಾಡಿನವರಿಗೆ ಇದಕ್ಕಿಂತ ದೊಡ್ಡ ಮೆಚ್ಚುಗೆ ಬೇಕಿರಲಿಲ್ಲ, ಏಕೆಂದರೆ ಅದು ಬಾವಿಗೆ ಬಿದ್ದವನದೇ ಹಾಡು. ಬಾರವ ಎಂದರೆ ಮರಾಠಿಯಲ್ಲಿ ಮೆಟ್ಟಿಲು ಬಾವಿ.

ಪಾರವ್ವ ರಬಕವಿಯ ಕಡೆಯವರು. ಅವರ ತಾಯಿ ಓಣಿಗೆಲ್ಲ ಕೌದಿ ಹೊಲಿದುಕೊಡುತ್ತಿದ್ದವರು. ಹಳೆಯ ಸೀರೆ, ಧೋತರದ ತುಂಡುಗಳನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ಶುರುಮಾಡಿ ಸುತ್ತುಸುತ್ತಾಗಿ ಒಳಗೆ ಬರುತ್ತ, ನಡುವಿಗೆ ಬಂದು ಮುಗಿಸುವ ಹೊಲಿಗೆ ಅದು. ಮದುವೆಯಾಗಿ ಪುಣೆಗೆ ಬಂದ ಮೇಲೆ ಪಾರವ್ವ ಮಂಡಪದ ಬಟ್ಟೆ ಹೊಲಿಯುವುದಕ್ಕೆ ನಿಂತರು. ಗಂಡ ಕಾಡಪ್ಪ ಅದೇ ಮಂಡಪದವರಲ್ಲಿ ಕಂಬ ನೆಡುವ ಕೆಲಸದಲ್ಲಿದ್ದಾರೆ. ಇಂದು ಭೋರ್‌ನಲ್ಲಿ ಒಂದು ಮದುವೆ ಇರುವುದರಿಂದ ಅವರು ಊರಲ್ಲಿಲ್ಲ.

ಮದುವೆಯ ಹಂಗಾಮಿನಲ್ಲಿ ಪಾರವ್ವ ಮಂಡಪದ ಅಂಚಿಗೆ ಇಳಿಬಿಡುವ ಝಾಲರುಗಳನ್ನು ದಿನಕ್ಕೆ ಇಪ್ಪತ್ತು ಮುಗಿಸುತ್ತಾರೆ. ಗಣಪತಿ ಬಂದರೆ ಊಟಕ್ಕೂ ಬಿಡುವಿಲ್ಲ. ಮಳೆಗಾಲದ ಮೊದಲ ಎರಡು ತಿಂಗಳು ಮಾತ್ರ ಕೈ ಖಾಲಿ, ಆಗ ಅಕ್ಕಪಕ್ಕದವರಿಗೆ ಕೌದಿ. ‘ಮಷೀನಿನ ಕೆಲಸಕ್ಕ ಕಣ್ಣ ಬೇಕು, ಕೌದಿಗೆ ಬೆರಳ ಸಾಕ್ರಿ’ ಎಂದು ಅವರು ಹೇಳುತ್ತಾರೆ. ‘ಬೆರಳಿನ್ನೂ ಚೊಲೋ ಅದಾವ. ಮಣಕಾಲ ಒಂದ ಮಾತ ಕೇಳೂದಿಲ್ಲ.’

ಕಳೆದ ಮಳೆಗಾಲದ ಶುರುವಿನಲ್ಲಿ ಅಂಥದೊಂದು ಕೌದಿ ಅವರ ವಠಾರದ ಕಟಾಂಜನದ ಮೇಲೆ ಒಣಗುತ್ತಿದ್ದಾಗ ಮಿಥುನನ ಕಣ್ಣಿಗೆ ಬಿತ್ತು. ಮಿಥುನ ಮೈಸೂರಿನ ಕಡೆಯವನು. ವಾರದಲ್ಲಿ ಐದು ದಿನ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ, ಉಳಿದ ಹೊತ್ತೆಲ್ಲ ಕಾತಳದ ವೇದಿಕೆಯ ಉಸ್ತುವಾರಿ. ಬಣ್ಣದಲ್ಲಿ ಬರೆಸಿದ ಪರದೆಗಳು ಮಡಚಿ ಮಡಚಿ ಒಡೆದುಹೋಗುತ್ತಿದ್ದವು. ಅವನು ಮೆಟ್ಟಿಲು ಬಾವಿಯನ್ನು ಮೇಲಿನಿಂದ ತೆಗೆದ ಫೋಟೊ ತಂದು ತೋರಿಸಿ, ಬಟ್ಟೆಯಲ್ಲಿ ಹೀಗೆ ಆಗುತ್ತದೆಯೇ ಎಂದು ಕೇಳಿದ. ಚೌಕದೊಳಗೆ ಚೌಕ, ಅದರೊಳಗೆ ಮತ್ತೊಂದು, ನಡುವೆ ಕರಿ ನೀರು. ಪಾರವ್ವನಿಗೆ ನಗು ಬಂತು. ‘ಇದ ಕೌದೀನ ಅಲ್ಲೇನ್ರಿ ಮತ್ತ?’ ಎಂದು ಕೆಲಸ ಹಿಡಿದರು.

ಪರದೆಯ ನಡುವಿನ ಬಾವಿಯಷ್ಟನ್ನೂ ಅವರು ಕೈಯಲ್ಲೇ ಹೊಲಿದರು. ಮೇಲಿನ ಮೆಟ್ಟಿಲಿಗೆ ಬೂದು ಬಣ್ಣ, ಕೆಳಗೆ ಹೋದಂತೆ ಕಪ್ಪು. ಮುಗಿಯುವ ಹೊತ್ತಿಗೆ ಮಳೆಗಾಲವೇ ಮುಗಿದಿತ್ತು. ಬೆಂಗಳೂರಿನಲ್ಲಿ ಈ ಪ್ರವಾಸದ ಮೊದಲ ಕಾರ್ಯಕ್ರಮ ನಡೆಯಿತು. ವೇದಿಕೆ ಕತ್ತಲಾಗಿ, ಡ್ರಮ್ಮಿನ ಮೊದಲ ಪೆಟ್ಟಿಗೆ ಪರದೆ ಮೇಲಿನಿಂದ ಬಿಚ್ಚಿಕೊಂಡು ಬಿದ್ದಾಗ ಜನ ಹುಚ್ಚೆದ್ದು ಕೂಗಿದರಂತೆ. ಪಾರವ್ವ ಆ ದಿನ ದತ್ತವಾಡಿಯಲ್ಲಿ ಝಾಲರು ಹೊಲಿಯುತ್ತಿದ್ದರು.

ಅದಾದ ಮೇಲೆ ಹೈದರಾಬಾದ್, ನಾಗಪುರ, ಮುಂಬೈ. ಮೂರು ಊರಲ್ಲೂ ‘ಬಾರವ’ ಇಲ್ಲ. ಏಕೆ ಇಲ್ಲ ಎಂದು ಬ್ಯಾಂಡಿನವರು ತುಟಿ ಬಿಚ್ಚಲಿಲ್ಲ.

ಅಭಿಮಾನಿಗಳಿಗೆ ಅಷ್ಟೇ ಸಾಕಾಯಿತು. ಪಾರವ್ವನ ಮಗಳು ತ್ರಿವೇಣಿ ಸ್ವಾರಗೇಟಿನ ಕೊರಿಯರ್ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಅವ್ವನ ಬಟ್ಟೆಯ ಬಗ್ಗೆ ಯಾರಾದರೂ ಏನಾದರೂ ಬರೆದಾರೇ ಎಂದು ಅವಳು ಅಭಿಮಾನಿಗಳ ಗುಂಪಿಗೆ ಸೇರಿಕೊಂಡಿದ್ದಳು. ಬಟ್ಟೆಯ ಸುದ್ದಿ ಯಾರೂ ಎತ್ತಲಿಲ್ಲ. ಹಾಡುಗಾರನ ಗಂಟಲು ಹೋಗಿದೆ, ಅದಕ್ಕೇ ಬಿಟ್ಟಿದ್ದಾರೆ ಎಂದು ಒಬ್ಬರು ಬರೆದರು. ಗಂಟಲಲ್ಲ, ಡ್ರಮ್ಮಿನವನ ಸೊಂಟ ಎಂದರು ಇನ್ನೊಬ್ಬರು. ಹೊಸ ಆಲ್ಬಂ ಮಾರಬೇಕಲ್ಲ, ಹಳೆಯ ಹಾಡು ಯಾಕೆ ಹಾಡುತ್ತಾರೆ ಎಂಬುದು ದೌಂಡದ ಒಬ್ಬ ರೈಲ್ವೆ ನೌಕರರ ವಾದ. ಹೊಸದನ್ನೂ ಕೇಳಲು ಕಲಿಯಿರಿ ಎಂದು ಅವರ ಮೇಲೆ ಹತ್ತು ಜನ ಏರಿಹೋದರು. ಪ್ರತಿ ಊರಲ್ಲೂ ಅದದೇ ಹಾಡು ಹಾಡಿದರೆ ಮೋಸ ಎನ್ನುವವರು ಒಂದು ಕಡೆ, ಒಂದೂರಿಗೆ ಕೊಟ್ಟದ್ದನ್ನು ಇನ್ನೊಂದೂರಿಗೆ ಕೊಡದಿರುವುದು ಮೋಸ ಎನ್ನುವವರು ಇನ್ನೊಂದು ಕಡೆ. ಪುಣೆ ಬ್ಯಾಂಡಿನ ಸ್ವಂತ ಊರು, ಪ್ರವಾಸದ ಕೊನೆಯ ಊರು. ಇಲ್ಲೂ ‘ಬಾರವ’ ಇಲ್ಲದಿದ್ದರೆ ಟಿ-ಶರ್ಟ್ ಸುಡುವುದಾಗಿ ಒಬ್ಬ ಘೋಷಿಸಿದ.

ಈ ಬೆಳಗಿನ ಜಾವವೂ ತ್ರಿವೇಣಿ ಹಾಲ್‌ನ ಗೋಡೆಗೆ ಒರಗಿ ಕುಳಿತು, ಮರಾಠಿ, ಹಿಂದಿ, ಇಂಗ್ಲಿಷ್ ಕಲಸಿದ ಆ ಜಗಳವನ್ನು ಅವ್ವನಿಗೆ ಕನ್ನಡದಲ್ಲಿ ಓದಿ ಹೇಳುತ್ತಿದ್ದಾಳೆ. ಪಾರವ್ವನಿಗೆ ಇದೊಂದು ಒಗಟು. ‘ಮದವಿಗೆ ಬಂದ ಮಂದಿ ಬದನಿಕಾಯಿ ಪಲ್ಯಾ ಯಾಕ ಮಾಡಿಲ್ಲ ಅಂತ ಹಂದರದಾಗ ನಿಂತು ಬಡದಾಡಿದಂಗ ಆತು’ ಎನ್ನುತ್ತಾರೆ. ಆದರೆ ಓದುವುದನ್ನು ನಿಲ್ಲಿಸಲು ಬಿಡುವುದಿಲ್ಲ. ಇಷ್ಟೆಲ್ಲ ಊಹೆಗಳಲ್ಲಿ ಯಾರಾದರೂ ನಿಜದ ಹತ್ತಿರ ಬಂದಾರೆಯೇ ಎಂಬ ಅಳುಕು ಅವರಿಗಿದೆ. ನಿಜ ಅವರಿಗೆ ಗೊತ್ತು.

ಗೊತ್ತಾದದ್ದು ಶುಕ್ರವಾರ ಸಂಜೆ, ಮಿಥುನ ಪರದೆಯ ಗಂಟನ್ನು ಟೆಂಪೊದಲ್ಲಿ ತಂದು ಈ ಹಾಲ್‌ನಲ್ಲಿ ಬಿಚ್ಚಿದಾಗ. ಬೆಂಗಳೂರಿನಿಂದ ಹೈದರಾಬಾದಿಗೆ ಹೋದ ಸಾಮಾನು ಒಂದು ವಾರ ಅಲ್ಲಿಯ ಗೋದಾಮಿನಲ್ಲಿತ್ತು. ಇಲಿ ನುಗ್ಗಿ ಪರದೆಯ ನಡುವನ್ನು ತಿಂದಿದ್ದವು. ಪರದೆ ಇಲ್ಲದೆ ಆ ಹಾಡು ಹಾಡುವುದಿಲ್ಲ ಎಂದು ಹಾಡುಗಾರ ಪಟ್ಟುಹಿಡಿದ. ಅಷ್ಟು ಕರಾಳವಾದ ಬ್ಯಾಂಡು ಇಲಿಗೆ ಸೋತಿತು ಎಂದು ಹೇಳಿಕೊಳ್ಳಲು ಉಳಿದವರಿಗೆ ನಾಚಿಕೆ. ಮಿಥುನನ ಸಿಟ್ಟೆಲ್ಲ ಗೋದಾಮಿನ ಕಾವಲುಗಾರನ ಮೇಲಿತ್ತು. ಅವನನ್ನು ಕೆಲಸದಿಂದ ತೆಗೆಸುವಂತೆ ಅಲ್ಲಿಯವರಿಗೆ ಬರೆಯುತ್ತೇನೆ ಎನ್ನುತ್ತಿದ್ದ.

ಪಾರವ್ವ ತೂತಿನ ಸುತ್ತ ಬೆರಳಾಡಿಸಿ ನೋಡಿದರು. ಅಂಚು ಮುಟ್ಟಿಲ್ಲ, ಮೂಲೆ ಮುಟ್ಟಿಲ್ಲ, ಸುತ್ತಿಟ್ಟ ಗಂಟಿನ ಪದರು ಪದರು ಕೊರೆದು ಸೀದಾ ನಡುವಿಗೇ ಹೋಗಿದ್ದವು. ಏಕೆಂದು ಪಾರವ್ವನಿಗೆ ತಕ್ಷಣ ಗೊತ್ತಾಯಿತು.

ಕೌದಿ ಹಸಿದಿರಬಾರದೆಂಬುದು ಅವರ ತಾಯಿಯ ಮನೆಯ ಪದ್ಧತಿ. ನಡುವಿನ ಕೊನೆಯ ತುಂಡನ್ನು ಮುಚ್ಚುವ ಮೊದಲು ಅದರೊಳಗೆ ಜೋಳದ ರೊಟ್ಟಿಯ ಒಂದು ಚೂರು, ಚಿಟಿಕೆ ಸಕ್ಕರೆ ಇಟ್ಟು ಹೊಲಿಯುತ್ತಾರೆ. ಮನೆಯ ಕೌದಿ ದಿನಾ ಹೊದೆಯುವಂಥದ್ದು, ಬಿಸಿಲಿಗೆ ಹಾಕುವಂಥದ್ದು. ಅದಕ್ಕೆ ಇಲಿಯ ಕಾಟವಾದದ್ದನ್ನು ಅವರು ಕಂಡಿರಲಿಲ್ಲ. ಕತ್ತಲ ಗೋದಾಮಿನಲ್ಲಿ ವಾರಗಟ್ಟಲೆ ಸುತ್ತಿಡುವ ಬಟ್ಟೆ ಬೇರೆಯೇ ಎಂಬುದು ಅವರಿಗೆ ಹೊಳೆದಿರಲಿಲ್ಲ.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ‘ಸುಮ್ಮನ ಇರೂಣ ಅನಿಸಿತ್ರಿ, ಸುಳ್ಳ್ಯಾಕ ಹೇಳಲಿ’ ಎನ್ನುತ್ತಾರೆ ಪಾರವ್ವ. ‘ಆದ್ರ ಆ ಕಾವಲಿನವಂದೇನ ತಪ್ಪು? ಉಣ್ಣಾಕ ಇಟ್ಟಾಕಿ ನಾನು.’

ಹೇಳಿಬಿಟ್ಟರು. ಮಿಥುನ ಪರದೆಯ ಮೇಲೇ ಕುಳಿತ.

‘ರೊಟ್ಟಿನಾ?’ ಎಂದ. ‘ಮೂರು ಸಿಟೀಲಿ ಜನ ನಮಗೆ ಉಗಿದಿದಾರೆ ಪಾರವ್ವನವರೇ. ಒಂದು ಪೀಸ್ ರೊಟ್ಟಿಗೆ!’

‘ಜ್ವಾಳದ್ದು’ ಎಂದರು ಪಾರವ್ವ.

ಅವನು ನಗಲಿಲ್ಲ, ಬೈಯಲೂ ಇಲ್ಲ. ಕಾವಲುಗಾರನ ವಿರುದ್ಧ ಬರೆಯುವುದಿಲ್ಲ ಎಂದ. ಆಮೇಲೆ ಇನ್ನೊಂದು ಮಾತು ಹೇಳಿದ. ‘ಮುಂದಿನ ಟೂರ್‌ಗೆ ಬಟ್ಟೆ ಬೇಡ, ಎಲ್‌ಇಡಿ ಸ್ಕ್ರೀನ್ ತಗೊಳ್ಳೋಣ ಅಂತಿದಾರೆ ಹುಡುಗ್ರು. ನಾನು ಇನ್ನೂ ಓಕೆ ಅಂದಿಲ್ಲ. ನಾಳೆ ಇದು ಮೇಲೆ ಹೋಗ್ಲಿಲ್ಲ ಅಂದ್ರೆ ನನ್ನ ಹತ್ರ ಹೇಳಕ್ಕೆ ಏನೂ ಇರಲ್ಲ.’

ಝಾಲರು ಎಷ್ಟು ಬೇಕಾದರೂ ಸಿಗುತ್ತವೆ, ಪಾರವ್ವನ ಹೊಟ್ಟೆಪಾಡಿಗೆ ಅದು ಸಾಕು. ಆದರೆ ಝಾಲರನ್ನು ಯಾರೂ ತಲೆ ಎತ್ತಿ ನೋಡುವುದಿಲ್ಲ. ಈ ಬಾವಿಯನ್ನು ಜನ ನೋಡಬೇಕೆಂಬ ಆಸೆ ಅವರಿಗೆ ಹುಟ್ಟಿಬಿಟ್ಟಿದೆ. ಪುಣೆ ತಪ್ಪಿದರೆ ಅದು ಮತ್ತೆ ಬಿಚ್ಚುವ ಸಂಭವ ಕಡಿಮೆ, ಹೊಲಿದವರೇ ಅದನ್ನು ಇಡಿಯಾಗಿ ಕಂಡಿಲ್ಲ. ಕಂಡದ್ದೆಲ್ಲ ತೊಡೆಯ ಮೇಲೆ ಹಿಡಿಸುವಷ್ಟು ಮಾತ್ರ.

ಹಾಗಾಗಿ ಅವರು ಕೋಳಿ ಕೂಗುವ ಮೊದಲೇ ಬಂದು ಕುಳಿತಿದ್ದಾರೆ. ತೂತಿಗೆ ತೇಪೆ ಹಾಕಿದರೆ ತೇಪೆಯೇ ಕಾಣುತ್ತದೆ, ಆದ್ದರಿಂದ ಕೊನೆಯ ಸುತ್ತುಗಳನ್ನೇ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಾರೆ. ಮೆಟ್ಟಿಲುಗಳು ಕೂಡಿಕೊಂಡವು. ನೀರಿಗೆ ಕರಿ ಬಟ್ಟೆ ಸಾಲದು, ಲಕ್ಷ್ಮಿ ರೋಡಿನ ಅಂಗಡಿಗಳು ಹತ್ತಕ್ಕೆ ಮೊದಲು ತೆರೆಯುವುದಿಲ್ಲ. ಪಾರವ್ವ ಮನೆಗೆ ಹೋಗಿ ಟ್ರಂಕಿನಿಂದ ಹಳೆಯ ಕರಿ ಚಂದ್ರಕಾಳಿ ಸೀರೆ ತರುತ್ತಾರೆ.

‘ಅವ್ವಾ, ಅದು ಸಂಕ್ರಾಂತಿ ಸೀರಿ’ ಎನ್ನುತ್ತಾಳೆ ತ್ರಿವೇಣಿ.

‘ಸೆರಗು ಪಿಸದದ. ಒಡಲ ಚೊಲೋ ಅದ’ ಎಂದು ಪಾರವ್ವ ಕತ್ತರಿ ಹಾಕುತ್ತಾರೆ.

ನಡುವಿನ ಕೊನೆಯ ಬಾಯಿ ಮುಚ್ಚುವ ಹೊತ್ತಿಗೆ ಬಿಸಿಲು ಹಾಲ್‌ನ ಬಾಗಿಲೊಳಗೆ ಬಂದಿದೆ. ಈಗ ಏನು ಮಾಡುತ್ತೀ ಎಂಬಂತೆ ತ್ರಿವೇಣಿ ನೋಡುತ್ತಾಳೆ. ಪಾರವ್ವ ಬುತ್ತಿಯಿಂದ ರೊಟ್ಟಿಯ ಚೂರು ಮುರಿಯುತ್ತಾರೆ. ಅದನ್ನು ಬಟ್ಟೆಗೆ ಮುಟ್ಟಿಸಿ, ಸಕ್ಕರೆ ಹಚ್ಚಿ, ತಾವೇ ಬಾಯಿಗೆ ಹಾಕಿಕೊಳ್ಳುತ್ತಾರೆ. ‘ಅದರ ಪಾಲಿಂದು ನಾ ಉಂಡೆ. ಆತು’ ಎಂದು ಗಂಟು ಹಾಕಿ ದಾರ ಕಚ್ಚುತ್ತಾರೆ.

ಪರದೆ ಹೊತ್ತಿಗೆ ಮೊದಲೇ ಖರಾಡಿ ತಲುಪುತ್ತದೆ. ಮಿಥುನ ತಾಯಿ ಮಗಳಿಬ್ಬರಿಗೂ ಪಾಸ್ ಕೊಟ್ಟು, ಸೌಂಡ್ ನೋಡಿಕೊಳ್ಳುವವರ ಮೇಜಿನ ಹಿಂದೆ ನಿಲ್ಲಿಸುತ್ತಾನೆ. ಸುತ್ತ ಕರಿ ಟಿ-ಶರ್ಟಿನ ಕಡಲು, ನಡುವೆ ಹಸಿರು ಇಳಕಲ್ ಸೀರೆಯ ಪಾರವ್ವ. ಪಕ್ಕದಲ್ಲಿ ಇಂಪನಾ ಎಂಬ ಹುಡುಗಿ ಗೆಳತಿಯೊಂದಿಗೆ ಬೆಂಗಳೂರಿನ ಕನ್ನಡದಲ್ಲಿ ಇವತ್ತು ಯಾವ ಹಾಡು ಬರುತ್ತೆ ಎಂದು ವಾದ ಮಾಡುತ್ತಿದ್ದಾಳೆ. ‘ಬಾರವ’ಕ್ಕೆಂದೇ ಅವಳು ಹೈದರಾಬಾದಿಗೂ ನಾಗಪುರಕ್ಕೂ ಹೋಗಿ ಬರಿಗೈಯಲ್ಲಿ ಬಂದವಳು. ‘ಇವತ್ತೂ ಮಾಡಲ್ಲ ಬಿಡೇ, ನಂಗೆ ಹೋಪ್ಸ್ ಇಲ್ಲ’ ಎನ್ನುತ್ತಾಳೆ. ಪಾರವ್ವ ಮೊದಲ ನಾಲ್ಕು ಹಾಡು ಕಿವಿಗೆ ಸೆರಗು ಒತ್ತಿಕೊಂಡೇ ಕಳೆಯುತ್ತಾರೆ.

ನಾಲ್ಕನೆಯದು ಮುಗಿದು ವೇದಿಕೆ ಕತ್ತಲಾಗುತ್ತದೆ. ಇಂಪನಾ ಗೆಳತಿಯ ಕೈ ಹಿಡಿಯುತ್ತಾಳೆ. ಡ್ರಮ್ಮಿನ ಒಂದೇ ಪೆಟ್ಟು, ಪರದೆ ಮೇಲಿನಿಂದ ಬಿಚ್ಚಿಕೊಂಡು ಬೀಳುತ್ತದೆ. ಬೂದು ಮೆಟ್ಟಿಲುಗಳು ಒಂದರೊಳಗೊಂದು ಇಳಿಯುತ್ತ ಹೋಗುತ್ತವೆ. ಕೆಳಗೆ, ಚಂದ್ರಕಾಳಿಯ ನೂಲಿಗೆ ದೀಪ ತಾಗಿ ನೀರು ಅಲುಗಾಡುತ್ತದೆ. ಮೈದಾನವೆಲ್ಲ ಒಂದೇ ಗಂಟಲಾಗಿ ಕೂಗುತ್ತದೆ.

ಪಾರವ್ವನಿಗೆ ಮೊದಲು ಆಗುವುದು ಹೆದರಿಕೆ. ಮಗಳ ರಟ್ಟೆ ಹಿಡಿದುಕೊಳ್ಳುತ್ತಾರೆ. ‘ಇಷ್ಟ ಆಳ ಮಾಡೀನೇನವಾ ನಾನು?’ ಎನ್ನುತ್ತಾರೆ. ಹಾಡು ಮುಗಿಯುವ ತನಕ ಹಾಡುಗಾರನ ಕಡೆ ಒಮ್ಮೆಯೂ ನೋಡುವುದಿಲ್ಲ. ಕಣ್ಣು ತುಂಬಿಕೊಂಡಿದೆ, ಒರೆಸಿಕೊಳ್ಳುವುದು ನೆನಪಾಗುವುದಿಲ್ಲ.

ದೀಪ ಬರುತ್ತಲೇ ಇಂಪನಾ ಕಣ್ಣೊರೆಸಿಕೊಂಡು ಹೊಸ ತಕರಾರು ತೆಗೆಯುತ್ತಾಳೆ. ಇದನ್ನು ಐದನೆಯದಾಗಿ ಹಾಡಿದ್ದೇ ತಪ್ಪು, ಇಂಥ ಹಾಡನ್ನು ಕೊನೆಗೆ ಇಟ್ಟುಕೊಳ್ಳಬೇಕಿತ್ತು ಎಂದು. ಗೆಳತಿ ಒಪ್ಪುವುದಿಲ್ಲ. ಇಂಪನಾ ಸುತ್ತ ನೋಡಿ, ಸಿಕ್ಕವರನ್ನೇ ಸಾಕ್ಷಿಗೆ ಕರೆಯುವವಳಂತೆ, ‘ಆಂಟಿ, ನೀವೇ ಹೇಳಿ, ಲಾಸ್ಟಲ್ಲಿ ಮಾಡ್ಬೇಕಿತ್ತು ತಾನೆ?’ ಎನ್ನುತ್ತಾಳೆ.

ಇಷ್ಟು ದಿನದ ಜಗಳದಲ್ಲಿ ಪಾರವ್ವನನ್ನು ಯಾರೂ ಏನೂ ಕೇಳಿರಲಿಲ್ಲ.

‘ಕಡಿಕ ಬ್ಯಾಡವಾ,’ ಎನ್ನುತ್ತಾರೆ. ‘ಕಡಿಕ ಅರ್ಧ ಮಂದಿ ಗಾಡಿ ತಗಿಲಿಕ್ಕೆ ಹೋಗಿರತಾರ. ಎಲ್ಲಾರೂ ಇದ್ದಾಗ ಬಿಚ್ಚಬೇಕು. ಅದನ್ನ ನಾ ಹೊಲದೀನಿ.’