ಬುಟ್ಟಿಯ ಕೆಳಗಿನ ಲಿಂಗ

ಶಹಾಬಾದದಲ್ಲಿ ನಮ್ಮ ಓಣಿ ದಾಟಿದರೆ ಒಂದು ಹಳೆಯ ಕಲ್ಲಿನ ಖಣಿ. ಅದರ ಅಂಚಿನ ಮಣ್ಣುದಾರಿ ಮುಂದೆ ವಾಡಿ ರಸ್ತೆಗೆ ಸೇರುತ್ತದೆ. ಸಕ್ಕರೆ ಕಾಯಿಲೆ ಬಂದಾಗಿನಿಂದ ದಿನಾ ಬೆಳಿಗ್ಗೆ ಆ ದಾರಿಯಲ್ಲಿ ಸೈಕಲ್ ಹೊಡೆಯುತ್ತೇನೆ. ಮಗಳಿಗೆ ಶಾಲೆಯಲ್ಲಿ ಕೊಟ್ಟ ಸೈಕಲ್ಲು; ಅವಳು ಸೇಡಂಗೆ ಮದುವೆಯಾಗಿ ಹೋದ ಮೇಲೆ ನನಗಾಯಿತು. ಐವತ್ತು ದಾಟಿದರೂ ಕಾಲುಗಳು ತುಳಿಯುತ್ತಿವೆ, ಅದೇ ದೇವರ ದಯೆ.

ಬಿಸಿಲೇರಿದಂತೆ ಫರ್ಸಿ ಕಲ್ಲಿನ ಚೂರುಗಳ ಮೇಲೆ ಓತಿಕ್ಯಾತಗಳು ಹತ್ತಿ ಕೂರುತ್ತವೆ. ಕೆಲವು ಗಂಟಲ ಚರ್ಮವನ್ನು ಬೀಸಣಿಕೆಯ ಹಾಗೆ ಬಿಚ್ಚುತ್ತವೆ, ಒಳಗೆ ನೀಲಿ. ಬೆಲ್ ಹೊಡೆದರೂ ಓಡುವುದಿಲ್ಲ. ತಲೆ ಮಾತ್ರ ನನ್ನ ಜೊತೆ ತಿರುಗುತ್ತದೆ.

ಕಳೆದ ಬೇಸಿಗೆಯಲ್ಲಿ ಒಂದು ದಿನ ಮನೆಗೆ ಬಂದು ಸೈಕಲ್ ನಿಲ್ಲಿಸಿ ಬಚ್ಚಲಿಗೆ ಹೋದಾಗ ಕೊರಳಿಗೆ ಕೈ ಹಾಕಿದೆ. ಶಿವದಾರದ ತುಂಡೊಂದು ಕುಪ್ಪಸಕ್ಕೆ ಸಿಕ್ಕಿಕೊಂಡಿತ್ತು. ಇಷ್ಟಲಿಂಗ ಇರಲಿಲ್ಲ. ದೀಕ್ಷೆಯಾದ ದಿನದಿಂದ ಅದು ನನ್ನ ಮೈ ಬಿಟ್ಟಿದ್ದಿಲ್ಲ. ಅದನ್ನು ಅಂಗೈಯಲ್ಲಿಟ್ಟು ಪೂಜಿಸದೆ ನಾನು ನೀರೂ ಕುಡಿಯುವವಳಲ್ಲ.

“ಒಂದು ತುತ್ತರೆ ಉಂಡು ಹೋಗು,” ಅಂದರು ನಮ್ಮ ಮನೆಯವರು. “ಶುಗರ್ ಇಳಿದು ಬಿದ್ದಿ ಅಂದ್ರ, ಲಿಂಗಾನೂ ಹುಡುಕಬೇಕು, ನಿನ್ನೂ ಹುಡುಕಬೇಕು.”

“ಅದು ಸಿಗೋತನಕ ನಂಗ ತುತ್ತು ಇಳೀತದೇನ್ರಿ?”

ಅವರು ಓಣಿಯಲ್ಲಿ ಹುಡುಕತೊಡಗಿದರು. ನಾನು ಮೈಮೇಲೆ ಎರಡು ಚೆಂಬು ನೀರು ಹಾಕಿಕೊಂಡು ಖಣಿ ದಾರಿ ಹಿಡಿದೆ.

ಸೈಕಲ್ ತಳ್ಳುತ್ತ ನೆಲ ನೋಡುತ್ತ ನಡೆದು ನಡೆದು ಮಧ್ಯಾಹ್ನವಾಯಿತು. ಬಿಳಿ ಕಲ್ಲು, ಬಿಳಿ ಬಿಸಿಲು, ಒಂದು ಹಕ್ಕಿಯ ಸದ್ದಿಲ್ಲ. ಕೈ ತಾಗಿ ಬೆಲ್ ಬಡಿಯಿತು. ಸ್ವಲ್ಪ ಹೊತ್ತಿಗೆ ಖಣಿಯ ತಳದಿಂದಲೂ ಒಂದು ಬೆಲ್ ಕೇಳಿತು, ಕೆಳಗೆ ಇನ್ನೊಬ್ಬಳು ಸೈಕಲ್ ತಳ್ಳಿಕೊಂಡು ಹೊರಟಂತೆ.

ತಿರುವಿನಲ್ಲಿ ಕಲ್ಲು ಹೊರುವ ಬುಟ್ಟಿಯೊಂದು ಬೋರಲು ಬಿದ್ದಿತ್ತು. ಅದರ ಸುತ್ತ ತೋಳುದ್ದದ ಉಡವೊಂದು ನಿಧಾನವಾಗಿ ಸುತ್ತುತ್ತಿತ್ತು. ಸೀಳು ನಾಲಿಗೆ ಹೊರಗೆ ಬರುತ್ತಿತ್ತು, ಒಳಗೆ ಹೋಗುತ್ತಿತ್ತು. ಆಚೆ ಖಣಿ ಕಾಯುವ ಮುದುಕ ಕೋಲು ಹಿಡಿದು, ಪಕ್ಕದಲ್ಲಿ ನೀರಿನ ಕೊಡ ಇಟ್ಟುಕೊಂಡು ಕಲ್ಲಿನಂತೆ ಕೂತಿದ್ದ.

“ಬಾ ಬೇಟಿ,” ಅಂದ. “ದಿನಾ ಬೆಲ್ ಹೊಡ್ಕೋತ ಹೋಗಾಕಿ ನೀನೇ ಅಲ್ಲಾ? ಇಲ್ಲಿ ಯಾರ ಸಲುವಾಗಿ ಹೊಡಿತಿ, ಓತಿಕ್ಯಾತಗೋಳ ಸಲುವಾಗಿ?”

“ಚಾಚಾ, ನನ್ನ ಲಿಂಗ ಬಿದ್ದದರಿ.”

“ಬುಟ್ಟಿ ಕೆಳಗ ಅದ. ಸುತ್ತಿದ ಬಟ್ಟಿ ಬಿಚ್ಚಿ ಬಿದ್ದಿತ್ತು. ಕರ್ರಗ ದುಂಡಗ ಅದ ನೋಡು, ಈ ಉಡ ತತ್ತಿ ಅಂತ ತಿಳ್ಕೊಂಡು ಬಾಯಿ ಹಾಕ್ಲಿಕ್ಕೆ ಬಂತು. ನಿಮ್ಮ ದೇವರು, ನಾ ಹ್ಯಾಂಗ ಕೈ ಹಚ್ಚಲಿ? ಬುಟ್ಟಿ ಮುಚ್ಚಿ ಕುಂತೀನಿ. ಮುಂಜಾನಿಂದ ಅದೂ ಹೋಗವಲ್ದು, ನಾನೂ ಹೋಗವಲ್ಲೆ.”

ಚಾಚಾ ಕೋಲಿನಿಂದ ನೆಲ ಬಡಿದ. ಉಡ ಹತ್ತು ಹೆಜ್ಜೆ ಸರಿದು ನಿಂತಿತು. ನಾನು ಬುಟ್ಟಿ ಎತ್ತಿ ಲಿಂಗ ತೆಗೆದುಕೊಂಡೆ.

“ನಿಮ್ಮ ಕೊಡದಾಗಿನ ನೀರು ಹಾಕ್ರಿ ಚಾಚಾ.”

“ನಡೀತದೇನು ನಿಮಗ?”

“ಹಾಕ್ರಿ.”

ಅವನು ಮೇಲಿಂದ ಸಣ್ಣ ಧಾರೆ ಬಿಟ್ಟ. ಲಿಂಗ ತೊಳೆದು ಎಡ ಅಂಗೈಯಲ್ಲಿಟ್ಟು ಅಲ್ಲೇ ಫರ್ಸಿಯ ಮೇಲೆ ಪೂಜೆಗೆ ಕೂತೆ. ನಮ್ಮ ಪೂಜೆಯಲ್ಲಿ ಕಣ್ಣು ಲಿಂಗದಿಂದ ಅಲುಗಬಾರದು. ಕಲ್ಲಿನ ಪುಡಿಯ ಮೇಲೆ ಏನೋ ಎಳೆದಂಥ ಸದ್ದು ಹತ್ತಿರ ಬರತೊಡಗಿತು. ನಾನು ನೋಡಲಿಲ್ಲ.

“ಅಲುಗಬ್ಯಾಡ ಬೇಟಿ,” ಅಂದ ಚಾಚಾ ಮೆಲ್ಲಗೆ.

ಸದ್ದು ನಿಂತಿತು. ಎಷ್ಟು ಹೊತ್ತು ಕೂತೆನೋ. ಪೂಜೆ ಮುಗಿಸಿ ತಲೆ ಎತ್ತಿದಾಗ ಎದುರಿಗೆ ಏನೂ ಇರಲಿಲ್ಲ. ಚಾಚಾನ ಮುಖದಲ್ಲಿ ನಗು ಇರಲಿಲ್ಲ.

“ನಿನ್ನ ಮೊಣಕಾಲ ಮುಂದನೇ ಕುಂತಿತ್ತು. ನಾಲಿಗಿ ಸುದ್ದಾ ಹೊರಗ ಹಾಕಲಿಲ್ಲ. ನಿನ್ಹಂಗನೇ ಲಿಂಗದ ಕಡೀನೇ ನೋಡ್ಲಿಕತ್ತಿತ್ತು.”

ಪುಡಿಯಲ್ಲಿ ಬಾಲದ ಗೆರೆ ನನ್ನ ಮೊಣಕಾಲಿನವರೆಗೂ ಬಂದಿತ್ತು. ತಿರುಗಿ ಹೋದ ಗೆರೆಯನ್ನು ನಾನು ಹುಡುಕಲಿಲ್ಲ. ಸೆರಗಿನ ಅಂಚು ಹರಿದು ಲಿಂಗವನ್ನು ಕೊರಳಿಗೆ ಕಟ್ಟಿಕೊಂಡೆ. ಆಮೇಲೆ ನೀರು ಕುಡಿದೆ.